ಟೈಲ್ಸ್ ಹಿಂದಿನ ಹಲಗೆಯ ಕಥೆ

ಬಚ್ಚಲುಮನೆಯ ಗೋಡೆಗೆ ಟೈಲ್ಸ್ ಹಾಕಿಸಿಬಿಟ್ಟರೆ ನೀರಿನ ಚಿಂತೆ ಮುಗಿಯಿತು ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಸತ್ಯ ಮಾತ್ರ. ನುಣುಪಾದ ಟೈಲ್ಸ್ ಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ, ನಿಜ. ಆದರೆ ಎರಡು ಟೈಲ್ಸ್ ನಡುವಿನ ಸಂದಿಗೆ ತುಂಬುವ ಸಿಮೆಂಟು ಅಷ್ಟಷ್ಟಾಗಿ ನೀರನ್ನು ಹೀರುತ್ತಲೇ ಇರುತ್ತದೆ. ಕೊಳಾಯಿಯ ಸುತ್ತ, ಮೂಲೆಗಳಲ್ಲಿ, ನೆಲ ಮತ್ತು ಗೋಡೆ ಕೂಡುವಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ದಿನಕ್ಕೆರಡು ಬಾರಿ ನೀರು ಒಳಗಿಳಿಯುತ್ತದೆ. ಹೀಗೆ ಇಳಿದ ನೀರಿಗೆ ಒಳಗೆ ಏನು ಎದುರಾಗುತ್ತದೆ ಎಂಬುದರ ಮೇಲೆ ಗೋಡೆಯ ಆಯುಷ್ಯ ನಿಂತಿದೆ.

ಇಟ್ಟಿಗೆ, ಕಲ್ಲುಗಳಿಂದ ಗೋಡೆ ಎಬ್ಬಿಸುವ ನಮ್ಮ ನಾಡಿನಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಮರದ ಚೌಕಟ್ಟು ನಿಲ್ಲಿಸಿ ಅದಕ್ಕೆ ಹಲಗೆ ಬಡಿದು ಮನೆ ಕಟ್ಟುವ ಅಮೆರಿಕದಲ್ಲಿ ಮಾತ್ರ ಇದು ಲಕ್ಷಾಂತರ ಕುಟುಂಬಗಳ ತಲೆನೋವಾಯಿತು. ಟೈಲ್ಸ್ ಹಿಂದೆ ಯಾವ ಹಲಗೆ ಇರಬೇಕು ಎಂದು ತೀರ್ಮಾನಿಸಲು ಆ ದೇಶ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು. ಕಣ್ಣಿಗೆ ಕಾಣದ ಈ ಹಲಗೆಯ ಹಿಂದೆ ಯುದ್ಧ, ವಸತಿಯ ಅಭಾವ, ಕೂಲಿಯ ಲೆಕ್ಕಾಚಾರ ಮತ್ತು ರೋಗರುಜಿನಗಳ ಇತಿಹಾಸವೇ ಅಡಗಿದೆ.

ಎರಡು ಪುಡಿಗಳು

ಈ ಕಥೆಯನ್ನು ತಿಳಿಯಬೇಕಾದರೆ ಮೊದಲು ಎರಡು ಪುಡಿಗಳ ಗುಣವನ್ನು ತಿಳಿಯಬೇಕು. ಒಂದು ಜಿಪ್ಸಮ್, ಇನ್ನೊಂದು ಸಿಮೆಂಟು. ಎರಡನ್ನೂ ನೀರಿನಲ್ಲಿ ಕಲಸಿದರೆ ಗಟ್ಟಿಯಾಗುತ್ತವೆ. ಆದರೆ ಗಟ್ಟಿಯಾದ ಮೇಲೆ ನೀರಿನೊಂದಿಗೆ ಅವು ನಡೆದುಕೊಳ್ಳುವ ರೀತಿಯೇ ಬೇರೆ.

ಜಿಪ್ಸಮ್ ಒಂದು ಮೆತ್ತನೆಯ ಖನಿಜ. ಅದರ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ನೀರೇ ಇರುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಈ ನೀರಿನ ಮುಕ್ಕಾಲು ಭಾಗ ಆವಿಯಾಗಿ, ಉಳಿದದ್ದು ಬಿಳಿಯ ಪುಡಿಯಾಗುತ್ತದೆ. ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ಈ ಖನಿಜ ಹೇರಳವಾಗಿ ಸಿಗುತ್ತಿದ್ದುದರಿಂದ ಪುಡಿಗೆ ‘ಪ್ಲಾಸ್ಟರ್ ಆಫ್ ಪ್ಯಾರಿಸ್’ ಎಂಬ ಹೆಸರು ಬಂತು. ನೀರು ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಅದು ಮತ್ತೆ ಕಲ್ಲಾಗುತ್ತದೆ. ಗೋಡೆಗೆ ಬೆಂಕಿ ತಗುಲಿದರೆ ಒಳಗಿನ ನೀರು ಆವಿಯಾಗುತ್ತಾ ಹೋಗಿ, ಬೆಂಕಿ ಹಿಂದಕ್ಕೆ ದಾಟುವುದನ್ನು ತಡ ಮಾಡುತ್ತದೆ. ಲಂಡನ್ ನಗರ 1666ರಲ್ಲಿ ಸುಟ್ಟುಹೋದ ಮರುವರ್ಷವೇ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ, ಪ್ಯಾರಿಸ್ಸಿನ ಮರದ ಮನೆಗಳಿಗೆ ಈ ಗಾರೆಯನ್ನು ಬಳಿಯಬೇಕೆಂದು ಆಜ್ಞೆ ಹೊರಡಿಸಿದ್ದು ಈ ಗುಣಕ್ಕಾಗಿಯೇ.

ಬೆಂಕಿಗೆ ಎದೆಯೊಡ್ಡುವ ಜಿಪ್ಸಮ್ ನೀರಿಗೆ ಮಾತ್ರ ಸೋಲುತ್ತದೆ. ಒಂದು ಲೀಟರ್ ನೀರು ಎರಡು ಗ್ರಾಮಿಗೂ ಹೆಚ್ಚು ಜಿಪ್ಸಮ್ಮನ್ನು ಕರಗಿಸಿಕೊಳ್ಳಬಲ್ಲದು. ಈಜಿಪ್ಟಿನ ಪಿರಮಿಡ್ಡುಗಳ ಕಲ್ಲುಗಳ ನಡುವೆ ಜಿಪ್ಸಮ್ ಗಾರೆ ಸಾವಿರಾರು ವರ್ಷ ಉಳಿದಿದೆಯೆಂದರೆ ಅಲ್ಲಿ ಮಳೆ ಅಪರೂಪ ಎಂಬುದು ಮುಖ್ಯ ಕಾರಣ.

ನೀರಿರುವ ಜಾಗಕ್ಕೆ ಬೇರೆ ಗಾರೆಯೇ ಬೇಕು ಎಂಬುದನ್ನು ಹಳಬರು ಬಲ್ಲವರಾಗಿದ್ದರು. ರೋಮನ್ನರು ಸುಣ್ಣಕ್ಕೆ ಮಡಕೆ, ಹೆಂಚುಗಳ ಪುಡಿ ಬೆರೆಸಿ ನೀರಿನ ತೊಟ್ಟಿಗಳಿಗೂ ಸ್ನಾನಗೃಹಗಳಿಗೂ ಬಳಿಯುತ್ತಿದ್ದರು. ಅದೇ ಜಾತಿಯ ಗಾರೆ ನಮ್ಮಲ್ಲಿ ‘ಸುರ್ಕಿ’ ಎಂದು ಪ್ರಸಿದ್ಧ. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಕಟ್ಟಿದ್ದು ಈ ಸುರ್ಕಿ ಗಾರೆಯಿಂದಲೇ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟೂ ಗುಣದಲ್ಲಿ ಇದರ ಸಂಬಂಧಿಯೇ. ಅದು ನೀರಿನೊಳಗಿದ್ದರೂ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ನೆನೆದರೂ ಮೆತ್ತಗಾಗುವುದಿಲ್ಲ.

ಮೂರು ಲೇಪದ ಗೋಡೆ

ಹತ್ತೊಂಬತ್ತನೇ ಶತಮಾನದ ಅಮೆರಿಕದ ಮನೆಯಲ್ಲಿ ಒಳಗೋಡೆ ಎಂದರೆ ಮರದ ಚೌಕಟ್ಟಿಗೆ ಬೆರಳಗಲದ ಪಟ್ಟಿಗಳನ್ನು ಸಾಲಾಗಿ ಬಡಿದು ಅದರ ಮೇಲೆ ಗಾರೆ ಹಚ್ಚಿದ ಗೋಡೆ. ಗಾರೆಯನ್ನು ಮೂರು ಲೇಪಗಳಲ್ಲಿ ಹಚ್ಚಬೇಕು. ಒಂದು ಲೇಪ ಆರಿದ ಮೇಲೆ ಇನ್ನೊಂದು. ಒಂದು ಮನೆಯ ಗೋಡೆಗಳು ಪೂರ್ತಿ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ಇದಕ್ಕೆ ನುರಿತ ಗಾರೆ ಕೆಲಸಗಾರರೇ ಬೇಕು.

ಅದೇ ಶತಮಾನದ ಕೊನೆಗೆ ರೋಗಕ್ಕೆ ಸೂಕ್ಷ್ಮಜೀವಿಗಳೇ ಕಾರಣ ಎಂಬ ಅರಿವು ಹರಡಿತು. ಕೊಳೆ ಕಂಡರೆ ತಕ್ಷಣ ಗೊತ್ತಾಗುವ, ಒರೆಸಿದರೆ ಹೋಗುವ ಬಿಳಿ ಟೈಲ್ಸ್ ಆರೋಗ್ಯದ ಸಂಕೇತವಾಯಿತು. ಆಸ್ಪತ್ರೆಗಳ ಗೋಡೆ, 1904ರಲ್ಲಿ ಸಂಚಾರ ಆರಂಭಿಸಿದ ನ್ಯೂಯಾರ್ಕಿನ ಸುರಂಗ ರೈಲಿನ ನಿಲ್ದಾಣಗಳು, ಕ್ರಮೇಣ ಮನೆಗಳ ಸ್ನಾನಗೃಹಗಳು ಬಿಳಿ ಟೈಲ್ಸ್ ಹೊದ್ದವು.

ಆ ಕಾಲದ ಮೇಸ್ತ್ರಿಗಳು ಸ್ನಾನಗೃಹದ ಗೋಡೆಗೆ ಮೊದಲು ಡಾಂಬರು ಸವರಿದ ಕಾಗದ ಹೊದಿಸುತ್ತಿದ್ದರು. ಅದರ ಮೇಲೆ ಕಬ್ಬಿಣದ ಜಾಲರಿ. ಜಾಲರಿಯ ಮೇಲೆ ಮುಕ್ಕಾಲು ಇಂಚಿನಿಂದ ಒಂದು ಇಂಚಿನವರೆಗೆ ಸಿಮೆಂಟು ಗಾರೆ. ಟೈಲ್ಸ್ ಕೂರುತ್ತಿದ್ದುದು ಈ ಗಾರೆಯ ಮೇಲೆ. ಸಂದಿಯಿಂದ ನೀರು ಇಳಿದರೂ ಸಿಮೆಂಟು ಹೆದರುತ್ತಿರಲಿಲ್ಲ. ಅದನ್ನೂ ದಾಟಿದ ನೀರನ್ನು ಡಾಂಬರು ಕಾಗದ ಕೆಳಗಿಳಿಸುತ್ತಿತ್ತು. ಹೀಗೆ ಕಟ್ಟಿದ ಎಷ್ಟೋ ಗೋಡೆಗಳು ಐವತ್ತು, ಅರವತ್ತು ವರ್ಷ ಅಲುಗಾಡದೆ ನಿಂತವು. ಬಾಳಿಕೆಗೆ ಟೈಲ್ಸೇ ಕಾರಣ ಎಂದು ಮನೆಯವರು ತಿಳಿದರು. ನಿಜವಾಗಿ ದುಡಿಯುತ್ತಿದ್ದುದು ಅದರ ಹಿಂದಿನ ಗಾರೆ.

ಸ್ಯಾಕೆಟ್ಟನ ಹಲಗೆ

ಗಾರೆಯ ಕೆಲಸವನ್ನು ಕಾರ್ಖಾನೆಯಲ್ಲೇ ಮುಗಿಸಿಬಿಟ್ಟರೆ ಹೇಗೆ ಎಂದು ಯೋಚಿಸಿದವನು ಆಗಸ್ಟೀನ್ ಸ್ಯಾಕೆಟ್. ಅಮೆರಿಕದ ಅಂತರ್ಯುದ್ಧದಲ್ಲಿ ನೌಕಾದಳದಲ್ಲಿದ್ದ ಈತ 1894ರಲ್ಲಿ ತನ್ನ ಹಲಗೆಗೆ ಪೇಟೆಂಟ್ ಪಡೆದ. ಉಣ್ಣೆ ಬೆರೆತ ದಪ್ಪ ಕಾಗದದ ಪದರಗಳ ನಡುವೆ ಜಿಪ್ಸಮ್ ತುಂಬಿ ಮಾಡಿದ, ಮೂರಡಿ ಉದ್ದ ಮೂರಡಿ ಅಗಲ ಕಾಲು ಇಂಚು ದಪ್ಪದ ಹಲಗೆ ಅದು. ಗಾರೆ ಹಚ್ಚಲು ಮರದ ಪಟ್ಟಿಗಳ ಬದಲು ಇದನ್ನು ಬಡಿಯಬಹುದಿತ್ತು.

ಹಲವಾರು ಸಣ್ಣ ಕಂಪನಿಗಳು ಒಂದಾಗಿ 1902ರಲ್ಲಿ ಸ್ಥಾಪನೆಯಾದ ಯುನೈಟೆಡ್ ಸ್ಟೇಟ್ಸ್ ಜಿಪ್ಸಮ್ ಕಂಪನಿ 1909ರಲ್ಲಿ ಸ್ಯಾಕೆಟ್ಟನ ಉದ್ಯಮವನ್ನು ಕೊಂಡುಕೊಂಡಿತು. ಒಳಗಿನ ಕಾಗದದ ಪದರಗಳನ್ನು ತೆಗೆದು, ಹೊರಗಿನ ಕಾಗದವನ್ನು ಅಂಚಿನಲ್ಲಿ ಮಡಚಿ, ಹಲಗೆಯನ್ನು ದೊಡ್ಡದು ಮಾಡಿ 1917ರಲ್ಲಿ ‘ಶೀಟ್‌ರಾಕ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಇದರ ಮೇಲೆ ಗಾರೆ ಬೇಕಿಲ್ಲ. ಸಂದಿ ಮುಚ್ಚಿ ಬಣ್ಣ ಬಳಿದರೆ ಸಾಕು. ಹಸಿ ಗಾರೆಯ ಗೊಡವೆ ಇಲ್ಲದ್ದರಿಂದ ಇದಕ್ಕೆ ‘ಡ್ರೈವಾಲ್’, ಅಂದರೆ ಒಣಗೋಡೆ ಎಂಬ ಹೆಸರು ರೂಢಿಯಾಯಿತು.

ಜನ ಮಾತ್ರ ಇದನ್ನು ಬೇಗ ಒಪ್ಪಲಿಲ್ಲ. ಗಾರೆಯ ಗೋಡೆಯೇ ಗೋಡೆ, ಇದು ಬಡವರ ನಕಲು ಎಂಬ ಭಾವನೆಯಿತ್ತು. ಷಿಕಾಗೋದಲ್ಲಿ 1933ರಲ್ಲಿ ನಡೆದ ವಿಶ್ವ ಪ್ರದರ್ಶನದ ಕಟ್ಟಡಗಳಲ್ಲಿ ಈ ಹಲಗೆ ವ್ಯಾಪಕವಾಗಿ ಬಳಕೆಯಾಗಿ ಜನರ ಕಣ್ಣಿಗೆ ಬಿತ್ತು. ಆದರೂ ಅದಕ್ಕೆ ದಾರಿ ತೆರೆದದ್ದು ಎರಡನೇ ಮಹಾಯುದ್ಧ.

ಯುದ್ಧಾನಂತರದ ಅವಸರ

ಯುದ್ಧಕಾಲದಲ್ಲಿ ಕುಶಲ ಕೆಲಸಗಾರರು ಸೈನ್ಯಕ್ಕೆ ಹೋದರು. ಸೇನಾ ಬಿಡಾರಗಳೂ ಕಾರ್ಮಿಕರ ವಸತಿಗಳೂ ರಾತ್ರಿ ಬೆಳಗಾಗುವುದರಲ್ಲಿ ಏಳಬೇಕಾಗಿತ್ತು. ಒಣಗಲು ವಾರಗಟ್ಟಲೆ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಯುದ್ಧ ಮುಗಿದ ಮೇಲೆ ಮನೆಗೆ ಮರಳಿದ ಸೈನಿಕರಿಗೆ ಮನೆಗಳೇ ಇಲ್ಲದಾಯಿತು. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಆಲೂಗೆಡ್ಡೆ ಬೆಳೆಯುತ್ತಿದ್ದ ಹೊಲಗಳ ಮೇಲೆ 1947ರಿಂದ 1951ರ ನಡುವೆ ಲೆವಿಟ್ ಕಂಪನಿ 17,447 ಮನೆಗಳನ್ನು ಕಟ್ಟಿತು. ಕೆಲಸ ಬಿರುಸಾಗಿದ್ದಾಗ ದಿನಕ್ಕೆ ಮೂವತ್ತು ಮನೆ ಮುಗಿಯುತ್ತಿದ್ದವು. ಅಂಥ ವೇಗಕ್ಕೆ ಗಾರೆ ಒಗ್ಗುವುದಿಲ್ಲ. ಒಳಗೋಡೆಗಳಿಗೆ ಜಿಪ್ಸಮ್ ಹಲಗೆಯೇ ಬಂತು. ಕೆಲವೇ ವರ್ಷಗಳಲ್ಲಿ ಇಡೀ ದೇಶದ ಪದ್ಧತಿಯೇ ಅದಾಯಿತು.

ಟೈಲ್ಸ್ ಅಂಟಿಸುವ ವಿಧಾನವೂ ಇದೇ ವೇಳೆಗೆ ಬದಲಾಯಿತು. ದಪ್ಪ ಗಾರೆಯ ಬದಲು ಡಬ್ಬಿಯಲ್ಲಿ ಬರುವ ಅಂಟುಗಳು ಬಂದವು. ಹೆನ್ರಿ ರಾತ್‌ಬರ್ಗ್ ಎಂಬ ರಾಸಾಯನಿಕ ಎಂಜಿನಿಯರ್ ಸಿಮೆಂಟಿಗೆ ಲೇಟೆಕ್ಸ್ ಬೆರೆಸಿ ತೆಳುವಾದ ಪದರದಲ್ಲೇ ಟೈಲ್ಸ್ ಕೂರಿಸುವ ಗಾರೆಯನ್ನು ರೂಪಿಸಿ 1956ರಲ್ಲಿ ಕಂಪನಿ ತೆರೆದ. ಮರಳು, ಸಿಮೆಂಟು, ಕೂಲಿ, ದಿನ ಎಲ್ಲವೂ ಉಳಿತಾಯ. ಒಂದು ಇಂಚಿದ್ದ ಗಾರೆ ಎಂಟನೇ ಒಂದು ಇಂಚಿಗೆ ಇಳಿಯಿತು.

ಈ ಎರಡೂ ಬದಲಾವಣೆಗಳು ಬಿಡಿಬಿಡಿಯಾಗಿ ನೋಡಿದರೆ ಒಳ್ಳೆಯವೇ. ಸ್ನಾನಗೃಹದಲ್ಲಿ ಎರಡೂ ಒಟ್ಟಿಗೆ ಸೇರಿದಾಗ ತೊಂದರೆ ಶುರುವಾಯಿತು. ನೀರಿಗೂ ಜಿಪ್ಸಮ್ಮಿಗೂ ನಡುವೆ ಇದ್ದ ಸಿಮೆಂಟಿನ ದಪ್ಪ ಗೋಡೆ ಮಾಯವಾಗಿತ್ತು. ಅದರ ಜಾಗದಲ್ಲಿದ್ದದ್ದು ತೆಳು ಅಂಟು, ಅದರ ಹಿಂದೆ ಕಾಗದ, ಕಾಗದದ ಹಿಂದೆ ನೀರಿಗೆ ಕರಗುವ ಖನಿಜ. ಕೆಲವು ಅಂಟುಗಳು ಬಹಳ ಹೊತ್ತು ನೆನೆದರೆ ತಾವೇ ಮೆತ್ತಗಾಗುತ್ತಿದ್ದವು.

ಗೋಡೆ ಕೆಡುವ ರೀತಿ ಎಲ್ಲ ಮನೆಗಳಲ್ಲೂ ಒಂದೇ. ಮೊದಲು ಸ್ನಾನದ ತೊಟ್ಟಿಯ ಅಂಚಿಗೆ ತಾಗಿದ ಕೆಳಸಾಲು, ಆಮೇಲೆ ಕೊಳಾಯಿಯ ಸುತ್ತಮುತ್ತ. ಹೆಬ್ಬೆರಳಿನಿಂದ ಒತ್ತಿದರೆ ಟೈಲ್ಸ್ ಒಳಕ್ಕೆ ಜಗ್ಗುತ್ತದೆ. ಕಿತ್ತು ನೋಡಿದರೆ ಹಲಗೆ ನೆನೆದ ಬಿಸ್ಕತ್ತಿನಂತೆ ಕೈಗೆ ಬರುತ್ತದೆ. ಅದರ ಹಿಂದೆ ಮನೆಯನ್ನು ಹೊತ್ತ ಮರದ ಕಂಬಗಳು ಕೊಳೆಯಲು ತೊಡಗಿರುತ್ತವೆ. ಇಷ್ಟೆಲ್ಲ ಆಗಲು ಕೆಲವು ವರ್ಷಗಳು ಹಿಡಿಯುವುದರಿಂದ ಮನೆ ಕಟ್ಟಿದವನು ಅಷ್ಟರಲ್ಲಿ ದೂರ ಹೋಗಿರುತ್ತಾನೆ. ವೆಚ್ಚವೆಲ್ಲ ಮನೆಯವರ ತಲೆಗೆ.

ಹಸಿರು ಕಾಗದದ ಭರವಸೆ

ಹಲಗೆ ತಯಾರಕರು ಕಂಡುಕೊಂಡ ಪರಿಹಾರ ‘ಹಸಿರು ಹಲಗೆ’. ಜಿಪ್ಸಮ್ ಕಲಸುವಾಗ ಮೇಣ ಮತ್ತು ಡಾಂಬರಿನ ದ್ರಾವಣ ಬೆರೆಸುವುದು, ನೀರನ್ನು ಬೇಗ ಹೀರದಂತೆ ಸಂಸ್ಕರಿಸಿದ ಕಾಗದ ಹೊದಿಸುವುದು, ಗುರುತಿಗಾಗಿ ಕಾಗದಕ್ಕೆ ಹಸಿರು ಬಣ್ಣ. ಬೆಲೆ ಸಾಧಾರಣ ಹಲಗೆಗಿಂತ ಸ್ವಲ್ಪವೇ ಹೆಚ್ಚು. ಕಟ್ಟಡ ನಿಯಮಗಳು ಇದನ್ನು ಸ್ನಾನಗೃಹದ ಟೈಲ್ಸ್ ಹಿಂದೆ ಬಳಸಲು ಒಪ್ಪಿದವು.

ಇಲ್ಲಿ ಒಂದು ಪದದ ಗೊಂದಲವೂ ಇತ್ತು. ಹಸಿರು ಹಲಗೆ ನೀರಿಗೆ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ; ನೀರನ್ನು ಪೂರ್ತಿ ತಡೆಯುವುದಿಲ್ಲ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿದ್ದರೂ ಕೊಳ್ಳುವವರ ಮನಸ್ಸಿನಲ್ಲಿ ಅವು ಒಂದಾದವು. ಕನ್ನಡದಲ್ಲಂತೂ ಎರಡಕ್ಕೂ ‘ಜಲನಿರೋಧಕ’ ಎಂದುಬಿಡುವುದು ವಾಡಿಕೆ. ಕೈ ತೊಳೆಯುವ ತೊಟ್ಟಿಯ ಹಿಂದೆ, ಆಗೀಗ ಹನಿ ಸಿಡಿಯುವ ಗೋಡೆಯಲ್ಲಿ ಹಸಿರು ಹಲಗೆ ಸರಿಯಾಗಿಯೇ ಕೆಲಸ ಮಾಡಿತು. ದಿನವೂ ಷವರಿನ ನೀರು ಅಪ್ಪಳಿಸುವ ಗೋಡೆಯಲ್ಲಿ ಅದೂ ತಡವಾಗಿಯಾದರೂ ಸೋತಿತು.

ಇದರ ಮೇಲೆ 1973ರ ತೈಲ ಬಿಕ್ಕಟ್ಟು ಬಂತು. ಮನೆ ಬೆಚ್ಚಗಿಡುವ ಖರ್ಚು ಏರಿದ್ದರಿಂದ ಗೋಡೆಗಳಿಗೆ ಶಾಖ ತಡೆಯುವ ಹೊದಿಕೆ ತುಂಬಿ, ಗಾಳಿ ಆಡದಂತೆ ಬಿಗಿ ಮಾಡಲಾಯಿತು. ಮೊದಲು ಗಾಳಿಗೆ ಒಣಗುತ್ತಿದ್ದ ತೇವ ಈಗ ಒಳಗೇ ಉಳಿಯತೊಡಗಿತು.

ತೇವ, ಕಾಗದ, ಕತ್ತಲೆ ಮೂರೂ ಸೇರಿದಲ್ಲಿ ಬೂಷ್ಟು ಬೆಳೆಯುತ್ತದೆ. ‘ಸ್ಟಾಕಿಬೋಟ್ರಿಸ್’ ಎಂಬ ಕಪ್ಪು ಬೂಷ್ಟಿಗೆ ನೆನೆದ ಕಾಗದವೆಂದರೆ ಹಬ್ಬ. ಕೋರ್ಡಾ ಎಂಬ ಶಿಲೀಂಧ್ರ ವಿಜ್ಞಾನಿ 1837ರಲ್ಲಿ ಇದನ್ನು ಮೊದಲ ಬಾರಿಗೆ ವಿವರಿಸಿದ್ದು ಪ್ರಾಗ್ ನಗರದ ಮನೆಯೊಂದರ ಗೋಡೆ ಕಾಗದದಿಂದ ಎಂಬುದು ಕುತೂಹಲದ ಸಂಗತಿ. ಟೆಕ್ಸಾಸ್ ರಾಜ್ಯದ ಡ್ರಿಪ್ಪಿಂಗ್ ಸ್ಪ್ರಿಂಗ್ಸ್ ಎಂಬ ಊರಿನ ಕುಟುಂಬವೊಂದು ನೀರು ಸೋರಿ ಮನೆಗೆ ಬೂಷ್ಟು ಹಿಡಿದ ಪ್ರಕರಣದಲ್ಲಿ ವಿಮಾ ಕಂಪನಿಯ ವಿರುದ್ಧ ಕೋರ್ಟಿಗೆ ಹೋಯಿತು. ನ್ಯಾಯದರ್ಶಿ ಮಂಡಳಿ 2001ರಲ್ಲಿ 3.2 ಕೋಟಿ ಡಾಲರ್ ಪರಿಹಾರ ಘೋಷಿಸಿದಾಗ ದೇಶವೇ ಬೆರಗಾಯಿತು. ಮೇಲಿನ ನ್ಯಾಯಾಲಯ ಆ ಮೊತ್ತವನ್ನು ಬಹುವಾಗಿ ಇಳಿಸಿತು. ಬೂಷ್ಟಿನ ಬಗ್ಗೆ ಹಬ್ಬಿದ ಭಯದಲ್ಲಿ ಅತಿರೇಕವೂ ಇತ್ತು. ಆದರೆ ಅಮೆರಿಕದ ವೈದ್ಯಕೀಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ, ತೇವ ಹಿಡಿದ ಮನೆಗಳಿಗೂ ಕೆಮ್ಮು, ಉಬ್ಬಸದ ಲಕ್ಷಣಗಳಿಗೂ ಸಂಬಂಧವಿರುವುದಕ್ಕೆ ಸಾಕಷ್ಟು ಆಧಾರವಿದೆ ಎಂದು ಹೇಳಿತು.

ಆಸ್ಟ್ರೇಲಿಯಾದ ಕಹಿ ಅನುಭವ

ಭೂಮಿಯ ಇನ್ನೊಂದು ಬದಿಯಲ್ಲಿ ಇದೇ ಪ್ರಶ್ನೆಗೆ ಬೇರೆಯೇ ಉತ್ತರ ಸಿಕ್ಕಿತ್ತು. ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ ಕಲ್ನಾರಿನ ಎಳೆಗಳನ್ನು ಸಿಮೆಂಟಿಗೆ ಬೆರೆಸಿ, ಕಾಗದ ಮಾಡುವ ಯಂತ್ರದಂಥ ಯಂತ್ರದಲ್ಲಿ ತೆಳು ಹಾಳೆಗಳನ್ನು ತೆಗೆಯುವ ವಿಧಾನಕ್ಕೆ 1901ರಲ್ಲಿ ಪೇಟೆಂಟ್ ಪಡೆದ. ಸ್ಕಾಟ್ಲೆಂಡಿನಿಂದ ವಲಸೆ ಹೋದ ಜೇಮ್ಸ್ ಹಾರ್ಡಿ ಮೆಲ್ಬರ್ನಿನಲ್ಲಿ 1888ರಲ್ಲಿ ಆರಂಭಿಸಿದ್ದ ವ್ಯಾಪಾರ ಸಂಸ್ಥೆ ಇಂಥ ಹಾಳೆಗಳನ್ನು ಆಸ್ಟ್ರೇಲಿಯಾಕ್ಕೆ ತರಿಸಿತು. ಮುಂದೆ ತಾನೇ ತಯಾರಿಸಿತು. ಅಲ್ಲಿನವರು ಪ್ರೀತಿಯಿಂದ ‘ಫೈಬ್ರೊ’ ಎಂದು ಕರೆದ ಈ ಹಾಳೆ ಬೆಂಕಿಗೂ ಗೆದ್ದಲಿಗೂ ನೀರಿಗೂ ಜಗ್ಗಲಿಲ್ಲ. ಹೊರಗೋಡೆಗೆ, ಬಚ್ಚಲಿಗೆ, ಬಟ್ಟೆ ಒಗೆಯುವ ಕೋಣೆಗೆ ಅದೇ ಬಂತು.

ನೀರಿನ ಸಮಸ್ಯೆಯನ್ನು ಗೆದ್ದ ಹಲಗೆ ಮನುಷ್ಯನ ಶ್ವಾಸಕೋಶಕ್ಕೆ ಕುತ್ತಾಯಿತು. ಕಲ್ನಾರಿನ ಎಳೆಗಳು ಉಸಿರಿನೊಂದಿಗೆ ಒಳಹೊಕ್ಕರೆ ಹತ್ತಾರು ವರ್ಷಗಳ ನಂತರ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ತರುತ್ತವೆ. ಗಣಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದವರು ಮೊದಲು ಬಲಿಯಾದರು. ಆಮೇಲೆ ಹಲಗೆ ಕತ್ತರಿಸಿದ ಬಡಗಿಗಳು, ಹಳೆಯ ಬಚ್ಚಲು ಕೆಡವಿದ ಮನೆಯವರು ಕೂಡ. ಹಾರ್ಡಿ ಕಂಪನಿ 1980ರ ದಶಕದಲ್ಲಿ ಕಲ್ನಾರು ಬಿಟ್ಟು ಮರದ ನಾರಿಗೆ ಬದಲಾಯಿಸಿಕೊಂಡಿತು. ಸಂತ್ರಸ್ತರಿಗೆಂದು ಅದು 2001ರಲ್ಲಿ ಬೇರೆ ಮಾಡಿಟ್ಟ ನಿಧಿ ಏನೇನೂ ಸಾಲದು ಎಂದು ನ್ಯೂ ಸೌತ್ ವೇಲ್ಸ್ ಸರ್ಕಾರ ನೇಮಿಸಿದ ಆಯೋಗ 2004ರಲ್ಲಿ ಹೇಳಿತು. ಕಂಪನಿ ಮತ್ತೆ ಹಣ ಒದಗಿಸುವ ಒಪ್ಪಂದಕ್ಕೆ ಬರಬೇಕಾಯಿತು. ಆಸ್ಟ್ರೇಲಿಯಾ 2003ರ ಡಿಸೆಂಬರ್ 31ರಿಂದ ಕಲ್ನಾರನ್ನು ಪೂರ್ಣವಾಗಿ ನಿಷೇಧಿಸಿದೆ. ಆದರೂ ಹಳೆಯ ಗೋಡೆಗಳಲ್ಲಿ ಅದು ಇನ್ನೂ ಕುಳಿತಿದೆ.

ಸಿಮೆಂಟಿನ ಮರುಪ್ರವೇಶ

ಅಮೆರಿಕದಲ್ಲಿ 1960ರ ದಶಕದಲ್ಲೇ ಸಿಮೆಂಟನ್ನು ಹಲಗೆಯ ರೂಪಕ್ಕೆ ತರುವ ಯತ್ನ ನಡೆದಿತ್ತು. ಸಿಮೆಂಟಿನ ತಿರುಳಿಗೆ ಎರಡೂ ಮಗ್ಗುಲಲ್ಲಿ ಗಾಜಿನ ನೂಲಿನ ಬಲೆ ಹೊದಿಸಿದ ಈ ಹಲಗೆ 1980ರ ದಶಕದಲ್ಲಿ ಬಳಕೆಗೆ ವ್ಯಾಪಕವಾಗಿ ಬಂತು. ಹಳೆಯ ಮೇಸ್ತ್ರಿಗಳ ಗಾರೆಯೇ ಹಲಗೆಯ ವೇಷದಲ್ಲಿ ಮರಳಿತೆನ್ನಬಹುದು. ಇದರ ಒಂದು ಪ್ರಚಲಿತ ಅಳತೆ ಮೂರಡಿ ಅಗಲ, ಐದಡಿ ಉದ್ದ. ಅಮೆರಿಕದ ಸ್ನಾನದ ತೊಟ್ಟಿಯ ರೂಢಿಯ ಉದ್ದವೂ ಐದೇ ಅಡಿ.

ಸಿಮೆಂಟು ಹಲಗೆಯನ್ನು ತಿಂಗಳುಗಟ್ಟಲೆ ನೆನೆಹಾಕಿದರೂ ಅದು ಕರಗದು, ಕೊಳೆಯದು. ಆದರೆ ನೀರು ಅದರ ಮೂಲಕ ಹಾದುಹೋಗಬಲ್ಲದು. ಹಾಗಾಗಿ ಹಿಂದೆ ಡಾಂಬರು ಕಾಗದ ಅಥವಾ ಪ್ಲಾಸ್ಟಿಕ್ ಹಾಳೆ, ಇಲ್ಲವೇ ಮುಂದೆ ನೀರು ತಡೆಯುವ ಲೇಪ ಬೇಕೇ ಬೇಕು. ಮುಂದೆಯೂ ಹಿಂದೆಯೂ ಎರಡೂ ಕಡೆ ಮುಚ್ಚಿಬಿಟ್ಟರೆ ನಡುವೆ ಸಿಕ್ಕ ತೇವಕ್ಕೆ ದಾರಿಯಿಲ್ಲದಂತಾಗುತ್ತದೆ. ಇದೇ ದಶಕದಲ್ಲಿ ಇನ್ನೂ ಕೆಲವು ಪರ್ಯಾಯಗಳು ಬಂದವು. ಕಾಗದದ ಬದಲು ಗಾಜಿನ ನಾರಿನ ಹೊದಿಕೆಯಿರುವ ಜಿಪ್ಸಮ್ ಹಲಗೆ ಒಂದು. ಬೂಷ್ಟಿಗೆ ತಿನ್ನಲು ಕಾಗದವೇ ಇಲ್ಲ ಎಂಬುದು ಅದರ ಅನುಕೂಲ. ಜರ್ಮನಿಯಿಂದ ಬಂದ ಫೋಮ್ ಹಲಗೆಗಳೂ, ಟೈಲ್ಸ್ ಹಿಂದೆಯೇ ಅಂಟಿಸುವ ಪ್ಲಾಸ್ಟಿಕ್ ಪೊರೆಗಳೂ ಇನ್ನೊಂದು ಬಗೆ.

ಸಿಮೆಂಟಿನ ಹಲಗೆಗೂ ಬೆಲೆ ತೆರಬೇಕಿತ್ತು. ಅದು ಭಾರ, ಕತ್ತರಿಸಲು ಕಷ್ಟ. ಯಂತ್ರದ ಗರಗಸ ಹಿಡಿದರೆ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದೂ ಶ್ವಾಸಕೋಶಕ್ಕೆ ಕೆಟ್ಟದ್ದೇ. ಅಮೆರಿಕ ಸರ್ಕಾರ 2016ರಲ್ಲಿ ಕೆಲಸದ ಜಾಗದ ಸಿಲಿಕಾ ದೂಳಿನ ಮಿತಿಯನ್ನು ಬಿಗಿಗೊಳಿಸಿತು. ಬಚ್ಚಲಿಗೆ ಗೀರಿ ಮುರಿಯುವ ವಿಧಾನವೇ ಸುರಕ್ಷಿತ ಎಂಬ ಸಲಹೆ ಬಂದದ್ದು ಹೀಗೆ.

ನಿಯಮ ಬದಲಾದ ವರ್ಷ

ಅಮೆರಿಕದ ಬಹುತೇಕ ರಾಜ್ಯಗಳು ಮನೆಗಳಿಗೆ ಅನುಸರಿಸುವ ಮಾದರಿ ಕಟ್ಟಡ ಸಂಹಿತೆ 2006ರ ಆವೃತ್ತಿಯಲ್ಲಿ ಹಸಿರು ಹಲಗೆಯನ್ನು ಸ್ನಾನದ ತೊಟ್ಟಿ ಮತ್ತು ಷವರ್ ಗೋಡೆಗಳ ಟೈಲ್ಸ್ ಹಿಂದಿನಿಂದ ಹೊರಗಿಟ್ಟಿತು. ಸಿಮೆಂಟು ಹಲಗೆ, ನಾರು ಸಿಮೆಂಟು ಹಲಗೆ, ಗಾಜುನಾರು ಹೊದಿಸಿದ ಜಿಪ್ಸಮ್ ಹಲಗೆ ಇವೇ ಅಲ್ಲಿ ಸಲ್ಲುತ್ತವೆ ಎಂದಿತು. ಈ ಒಂದು ಸಾಲಿನ ಬದಲಾವಣೆಗೆ ದಶಕಗಳು ಬೇಕಾದವು. ಗೋಡೆ ಕೂಡಲೇ ಬಿದ್ದಿದ್ದರೆ ನಿಯಮವೂ ಕೂಡಲೇ ಬದಲಾಗುತ್ತಿತ್ತೇನೋ. ಹತ್ತು ವರ್ಷಕ್ಕೊಮ್ಮೆ ಒಂದೊಂದು ಮನೆಯಲ್ಲಿ ಗುಟ್ಟಾಗಿ ಕೊಳೆಯುವ ಗೋಡೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಕರ್ನಾಟಕದ ಮನೆಗಳಲ್ಲಿ ಟೈಲ್ಸ್ ಹಿಂದೆ ಸಾಮಾನ್ಯವಾಗಿ ಇರುವುದು ಇಟ್ಟಿಗೆ ಅಥವಾ ಸಿಮೆಂಟು ಇಟ್ಟಿಗೆಯ ಗೋಡೆ, ಅದರ ಮೇಲೆ ಸಿಮೆಂಟು ಗಾರೆ. ನೀರು ಇಳಿದರೆ ಗೋಡೆ ಕರಗುವುದಿಲ್ಲ. ಪಕ್ಕದ ಕೋಣೆಯ ಬಣ್ಣ ಉದುರುತ್ತದೆ, ಕೆಳಮನೆಯ ತಾರಸಿಯಲ್ಲಿ ಕಲೆ ಮೂಡುತ್ತದೆ. ಅದರೊಂದಿಗೆ ಜಗಳವೂ ಮೂಡುತ್ತದೆ. ಆದರೆ ಜಿಪ್ಸಮ್ ಹಲಗೆ ನಮಗೆ ಹೊಸದಾಗಿ ಉಳಿದಿಲ್ಲ. ಬೆಂಗಳೂರಿನ ಕಚೇರಿಗಳ ಅಡ್ಡಗೋಡೆ, ಮನೆಗಳ ಅಲಂಕಾರದ ಚಾವಣಿಗಳಲ್ಲಿ ಅದು ನೆಲೆಯೂರಿದೆ. ಹಸಿರು ಕಾಗದದ ಹಲಗೆಯೂ ಪೇಟೆಯಲ್ಲಿ ಸಿಗುತ್ತದೆ. ಕಲ್ನಾರಿನ ಶೀಟುಗಳು ನಮ್ಮ ಚಾವಣಿಗಳ ಮೇಲೆ ಇಂದಿಗೂ ಕಾಣುತ್ತವೆ.

ಬೇಗ ಕಟ್ಟಬೇಕು, ಹಗುರವಾಗಿ ಕಟ್ಟಬೇಕು ಎಂಬ ಒತ್ತಡ ನಮ್ಮ ನಗರಗಳಲ್ಲೂ ಹೆಚ್ಚುತ್ತಿರುವಾಗ ಅಮೆರಿಕ, ಆಸ್ಟ್ರೇಲಿಯಾಗಳ ಅನುಭವ ಉಪಯೋಗಕ್ಕೆ ಬರುವಂಥದ್ದು. ಟೈಲ್ಸ್ ಆರಿಸಲು ಕುಟುಂಬವೆಲ್ಲ ಅಂಗಡಿಯಿಂದ ಅಂಗಡಿಗೆ ಅಲೆಯುತ್ತದೆ. ಬಣ್ಣ, ಹೂವು, ಅಳತೆಗಳ ಬಗ್ಗೆ ಚರ್ಚೆ ನಡೆಯುತ್ತದೆ. ಟೈಲ್ಸ್ ಕೂರಿಸುವ ಮುನ್ನ ಅದರ ಹಿಂದೆ ಏನಿದೆ, ಅದು ನೆನೆದರೆ ಏನಾಗುತ್ತದೆ, ನೀರನ್ನು ತಡೆಯುವ ಪದರ ಯಾವುದು, ಕತ್ತರಿಸುವಾಗ ಏಳುವ ದೂಳು ಯಾರ ಉಸಿರಿಗೆ ಹೋಗುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಮೇಸ್ತ್ರಿಯ ಮುಂದಿಡಲು ಹೆಚ್ಚು ಹೊತ್ತು ಬೇಕಿಲ್ಲ. ಟೈಲ್ಸ್ ಕೂತ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ತಿಳಿಯಬೇಕಾದರೆ ಗೋಡೆಯನ್ನೇ ಒಡೆಯಬೇಕಾಗುತ್ತದೆ.